ಪ್ರಾರ್ಥನೆ ನಿಂತುಹೋದ ಮೇಲೆ

ಅಮ್ಮ ತೀರಿಕೊಂಡ ಮೇಲೆ ನನ್ನ ಪ್ರಾರ್ಥನೆ ನಿಂತುಹೋಯಿತು. ನಂಬಿಕೆ ಬಿಟ್ಟೆ ಅಂತಲ್ಲ. ಭಾನುವಾರದ ಆರಾಧನೆಗೆ ಹೋಗುತ್ತಿದ್ದೆ, ಹಾಡುತ್ತಿದ್ದೆ, ಕರ್ತನ ಭೋಜನದಲ್ಲಿ ಪಾಲು ತೆಗೆದುಕೊಳ್ಳುತ್ತಿದ್ದೆ. ಪ್ರಾರ್ಥನಾ ಕೂಟದಲ್ಲಿ "ಸಿಸ್ಟರ್, ನೀವು ಪ್ರಾರ್ಥನೆ ಮಾಡಿ" ಅಂದರೆ ಮಾಡುತ್ತಲೂ ಇದ್ದೆ. ಅಲ್ಲಿ ಮಾತಿಗೆ ಬರವಿರಲಿಲ್ಲ. "ಕೃಪೆಯುಳ್ಳ ತಂದೆಯೇ, ಈ ಸಮಯಕ್ಕಾಗಿ ನಿಮಗೆ ಸ್ತೋತ್ರ" ಅಂತ ಶುರುಮಾಡಿದರೆ ಮುಂದಿನದು ತಾನಾಗಿ ಬರುತ್ತಿತ್ತು. ಚಿಕ್ಕಂದಿನಿಂದ ಕೇಳಿ ಕೇಳಿ ಬಾಯಿಗೆ ಬಂದ ಮಾತುಗಳು. ಆದರೆ ರಾತ್ರಿ ಒಬ್ಬಳೇ ಮೊಣಕಾಲೂರಿದರೆ ಒಂದು ಸಾಲೂ ಹೊರಡುತ್ತಿರಲಿಲ್ಲ.

ಹೇಳಿದಾಗ ಎಲ್ಲರೂ ಪ್ರೀತಿಯಿಂದಲೇ ಸಲಹೆ ಕೊಟ್ಟರು. ಬೆಳಗಿನ ಜಾವ ಎದ್ದು ಕೂತುಕೋ, ಉಪವಾಸ ಮಾಡು, ಪ್ರಾರ್ಥನೆಯ ವಿಷಯಗಳನ್ನು ಬರೆದಿಟ್ಟುಕೋ, ಮೊಬೈಲ್ ದೂರ ಇಡು. ಒಳ್ಳೆಯ ಮಾತುಗಳೇ. ಮೊಬೈಲ್ ಅಂತೂ ನಿಜವಾದ ಅಡ್ಡಿ, ಅದನ್ನು ಇನ್ನೊಂದು ಕೋಣೆಯಲ್ಲಿಟ್ಟು ಬಾಗಿಲು ಹಾಕಿಕೊಂಡರೆ ಆ ಸಮಸ್ಯೆ ಅರ್ಧ ಮುಗಿಯಿತು. ಆದರೆ ಬಾಗಿಲು ಹಾಕಿದೆ, ಸಮಯ ಇದೆ, ಮನೆ ಸದ್ದಿಲ್ಲದೆ ಇದೆ, ಆದರೂ ದೇವರ ಮುಂದೆ ಬಾಯಿ ಬರುತ್ತಿಲ್ಲ. ಅಂಥವರಿಗೆ ಏನು ಹೇಳುವುದು? ಇದರ ಬಗ್ಗೆ ನಮ್ಮಲ್ಲಿ ಮಾತು ಕಡಿಮೆ. ಪ್ರಾರ್ಥನೆಗೆ ಅಡ್ಡಿ ಅಂದ ಕೂಡಲೇ ಸೋಮಾರಿತನ ಅಂದುಬಿಡುತ್ತೇವೆ.

ನನ್ನ ಒಳಗೆ ಇದ್ದದ್ದು ಸೋಮಾರಿತನ ಅಲ್ಲ. ಅಮ್ಮನ ಕಾಯಿಲೆಯ ತಿಂಗಳುಗಳಲ್ಲಿ ನಾನು ಪ್ರಾರ್ಥಿಸಿದಷ್ಟು ಯಾವತ್ತೂ ಪ್ರಾರ್ಥಿಸಿರಲಿಲ್ಲ. ಸಭೆಯವರೂ ಉಪವಾಸವಿದ್ದು ಬೇಡಿಕೊಂಡರು. ಅಮ್ಮ ಉಳಿಯಲಿಲ್ಲ. "ದೇವರ ಚಿತ್ತ" ಅಂತ ಬಂದವರೆಲ್ಲ ಹೇಳಿದರು. ನಾನೂ ಹೇಳಿದೆ. ಹೇಳಿದ್ದು ಸುಳ್ಳಲ್ಲ. ಆದರೆ ಅದರ ಕೆಳಗೆ ಇನ್ನೊಂದು ಮಾತು ಇತ್ತು: ಇಷ್ಟು ಕೇಳಿದೆನಲ್ಲ, ಯಾಕೆ ಕೊಡಲಿಲ್ಲ? ಆ ಮಾತನ್ನು ದೇವರಿಗೆ ಹೇಳಬಾರದು ಅಂತ ಅಂದುಕೊಂಡು ಮುಚ್ಚಿಟ್ಟಿದ್ದೆ. ಮನೆಯಲ್ಲಿ ಒಬ್ಬರ ಮೇಲೆ ತುಂಬ ನೋವಿದ್ದಾಗ, ಅದನ್ನು ಬಿಟ್ಟು "ಊಟ ಆಯ್ತಾ?" ಅಂತ ಮಾತ್ರ ಕೇಳುತ್ತಾ ದಿನ ದೂಡುತ್ತೇವಲ್ಲ, ಹಾಗಿತ್ತು ನಮ್ಮಿಬ್ಬರ ನಡುವೆ. ಆಡಬೇಕಾದ ಒಂದು ಮಾತು ಆಡದೆ ಉಳಿದರೆ ಬೇರೆ ಮಾತಿಗೂ ಜೀವ ಇರುವುದಿಲ್ಲ.

ನಮ್ಮ ಸಭೆಯಲ್ಲಿ ಒಬ್ಬ ದೊಡ್ಡಮ್ಮ ಇದ್ದಾರೆ. ಬೆಳೆದ ಮಗನನ್ನು ಕಳೆದುಕೊಂಡವರು. ಆರಾಧನೆ ಮುಗಿದ ಮೇಲೆ ನನ್ನ ಪಕ್ಕ ಬಂದು ಕೂತರು.

"ಪ್ರಾರ್ಥನೆ ಮಾಡ್ತಾ ಇದ್ದೀಯಾ ಮಗಳೇ?"

"ಆಗ್ತಾ ಇಲ್ಲ ದೊಡ್ಡಮ್ಮ."

ಅವರು ಬುದ್ಧಿ ಹೇಳಲಿಲ್ಲ. "ಎಂಬತ್ತೆಂಟನೇ ಕೀರ್ತನೆ ತೆಗೆದು ಓದು" ಅಂದರು. "ಮನಸ್ಸಿನಲ್ಲಿ ಅಲ್ಲ. ಬಾಯಿಬಿಟ್ಟು ಓದು. ನಿನ್ನ ಕಿವಿಗೆ ಬೀಳಬೇಕು. ಬೇರೆ ಏನೂ ಮಾಡಬೇಡ."

ಸತ್ಯವೇದದಲ್ಲಿ, ಅಂದರೆ ಬೈಬಲಿನಲ್ಲಿ ಇರುವ 150 ಕೀರ್ತನೆಗಳಲ್ಲಿ ದುಃಖದ ಕೀರ್ತನೆಗಳು ಸಾಕಷ್ಟಿವೆ. ಆದರೆ ಹೆಚ್ಚಿನವು ಕೊನೆಯಲ್ಲಿ ತಿರುಗುತ್ತವೆ. ಹದಿಮೂರನೆಯದನ್ನೇ ನೋಡಿ. ಎಷ್ಟರವರೆಗೆ ನನ್ನನ್ನು ಮರೆತಿರುತ್ತೀ ಅಂತ ಶುರುವಾಗಿ ಆರನೇ ವಚನದಲ್ಲಿ ಹಾಡಿಗೆ ಬಂದು ನಿಲ್ಲುತ್ತದೆ. ಎಂಬತ್ತೆಂಟನೆಯದು ಹಾಗಲ್ಲ. ಅದರಲ್ಲಿ ಎಲ್ಲೂ ಬೆಳಕು ಹರಿಯುವುದಿಲ್ಲ. ಹಗಲೂ ರಾತ್ರಿಯೂ ಕೂಗುತ್ತೇನೆ ಅನ್ನುತ್ತಾನೆ ಭಕ್ತ. ನನ್ನನ್ನು ಯಾಕೆ ತಳ್ಳಿಬಿಟ್ಟೆ, ನಿನ್ನ ಮುಖವನ್ನು ಯಾಕೆ ಮರೆಮಾಡಿಕೊಂಡೆ ಅಂತ ನೇರವಾಗಿ ಕೇಳುತ್ತಾನೆ. ಗೆಳೆಯರೆಲ್ಲ ದೂರವಾದರು ಅನ್ನುತ್ತಾ ಕತ್ತಲೆಯಲ್ಲೇ ಕೀರ್ತನೆ ಮುಗಿಯುತ್ತದೆ. ದೇವರ ಕಡೆಯಿಂದ ಉತ್ತರವೂ ಬರುವುದಿಲ್ಲ. ಆದರೂ ಮೊದಲ ಸಾಲಿನಲ್ಲೇ ಅವನನ್ನು ತನ್ನ ರಕ್ಷಣೆಯ ದೇವರು ಅಂತ ಕರೆದಿದ್ದಾನೆ. ದೂರು ದೇವರ ಬೆನ್ನ ಹಿಂದೆ ಹೇಳಿದ್ದಲ್ಲ, ದೇವರಿಗೇ ಹೇಳಿದ್ದು.

ಆ ರಾತ್ರಿ ಗಟ್ಟಿಯಾಗಿ ಓದಿದೆ. ಹದಿನಾಲ್ಕನೇ ವಚನಕ್ಕೆ ಬಂದಾಗ ಮುಂದೆ ಓದಲಾಗಲಿಲ್ಲ. ಪುಸ್ತಕ ಮುಚ್ಚದೆ ಬೆರಳನ್ನು ಅಲ್ಲೇ ಇಟ್ಟುಕೊಂಡು, ಅದೇ ಉಸಿರಿನಲ್ಲಿ ನನ್ನ ಮಾತು ಸೇರಿಸಿದೆ: "ಅಮ್ಮನನ್ನು ಯಾಕೆ ಉಳಿಸಲಿಲ್ಲ? ನಾವು ಕೇಳಿದ್ದು ಕೇಳಿಸಲಿಲ್ಲವಾ?" ಅಷ್ಟೇ. ಆಮೇಲೆ ಅತ್ತೆ. ಉತ್ತರ ಬರಲಿಲ್ಲ, ಎದೆ ಹಗುರವೂ ಆಗಲಿಲ್ಲ. ಆದರೆ ಮಾರನೇ ದಿನ ಸಂಜೆ ಮತ್ತೆ ಕೂತಾಗ ಹೇಳುವುದಕ್ಕೆ ಏನೋ ಇತ್ತು. ಇನ್ನೂ ಕೋಪ ಇತ್ತು, ಅದನ್ನೇ ಹೇಳಿದೆ. ಕೆಲವು ದಿನಗಳ ಮೇಲೆ ಇಪ್ಪತ್ತೆರಡನೇ ಕೀರ್ತನೆಗೆ ಬಂದೆ. ನನ್ನ ದೇವರೇ, ನನ್ನ ದೇವರೇ, ಯಾಕೆ ನನ್ನ ಕೈಬಿಟ್ಟೆ ಅನ್ನುವ ಅದರ ಮೊದಲ ಸಾಲನ್ನು ಯೇಸು ಶಿಲುಬೆಯ ಮೇಲೆ ಕೂಗಿದನು. ಎಷ್ಟೋ ಶುಭ ಶುಕ್ರವಾರ ಅದನ್ನು ಕೇಳಿದ್ದೇನೆ. ಆದರೆ ಅವನೇ ಆ ಪ್ರಶ್ನೆ ಕೇಳಿದ್ದಾನೆ, ಹಾಗಾದರೆ ನನಗೂ ಕೇಳಲು ಜಾಗ ಇದೆ ಅಂತ ಹೊಳೆದದ್ದು ಆಗಲೇ.

ಬಾಯಿ ಬಂದ ಮೇಲೆ ಮನಸ್ಸಿನ ಅಲೆದಾಟ ಶುರುವಾಯಿತು. "ಪರಲೋಕದಲ್ಲಿರುವ ನಮ್ಮ ತಂದೆಯೇ" ಅನ್ನುವಷ್ಟರಲ್ಲಿ ಆಫೀಸಿನಲ್ಲಿ ಅರ್ಧಕ್ಕೆ ಬಿಟ್ಟು ಬಂದ ಕೆಲಸ ನೆನಪಾಗುತ್ತಿತ್ತು. ಅದನ್ನು ದಬ್ಬಿದರೆ ತಂಗಿ ಫೋನಿನಲ್ಲಿ ಹೇಳಿದ ಒಂದು ಮಾತು. ಅದನ್ನೂ ದಬ್ಬಿದರೆ ಹಿಂದಿನ ಕಿಟಕಿ ಮುಚ್ಚಿದೆನೋ ಇಲ್ಲವೋ. ದಬ್ಬುವುದರಲ್ಲೇ ಸಮಯ ಕಳೆದುಹೋಗುತ್ತಿತ್ತು.

ಇದರಲ್ಲಿ ನನಗೆ ತುಂಬ ನೆರವಾದದ್ದು ಜರ್ಮನಿಯ ಸಭಾ ಸುಧಾರಕ ಮಾರ್ಟಿನ್ ಲೂಥರ್ ತನ್ನ ಕ್ಷೌರಿಕನಿಗೆ ಬರೆದುಕೊಟ್ಟ ಮಾತುಗಳು. ಪೇತ್ರ ಅನ್ನುವ ಆ ಕ್ಷೌರಿಕ ಪ್ರಾರ್ಥನೆ ಮಾಡುವುದು ಹೇಗೆ ಅಂತ ಕೇಳಿದ್ದಕ್ಕೆ, 1535ರಲ್ಲಿ ಲೂಥರ್ ತಾನು ಮಾಡುವ ರೀತಿಯನ್ನೇ ಬಿಡಿಸಿ ಬರೆದ. ಅಷ್ಟು ದೊಡ್ಡ ಪಂಡಿತ, ಆದರೆ ಶುರುವಾಗುವುದೇ ಬೇರೆ ಕೆಲಸಗಳಿಂದ, ಯೋಚನೆಗಳಿಂದ ತನ್ನ ಮನಸ್ಸು ತಣ್ಣಗಾಗಿದೆ, ಪ್ರಾರ್ಥನೆ ಬೇಡವೆನಿಸುತ್ತಿದೆ ಅನ್ನುವ ಮಾತಿನಿಂದ. ಹಾಗಾದಾಗ ಕೀರ್ತನೆಗಳ ಪುಸ್ತಕ ತೆಗೆದುಕೊಂಡು ಕೋಣೆಗೆ ಓಡುತ್ತೇನೆ ಅನ್ನುತ್ತಾನೆ. ತಾಳು, ಇನ್ನೊಂದು ಗಂಟೆ ಬಿಟ್ಟು ಪ್ರಾರ್ಥಿಸೋಣ ಅನ್ನುವ ಯೋಚನೆಯನ್ನು ನಂಬಬೇಡ ಅನ್ನುತ್ತಾನೆ. ಒಳ್ಳೆಯ ಕ್ಷೌರಿಕನ ಕಣ್ಣು, ಮನಸ್ಸು ಎರಡೂ ಕತ್ತಿಯ ಮೇಲೆ ಇರಬೇಕು, ಇಲ್ಲದಿದ್ದರೆ ಗಿರಾಕಿಯ ಮೂಗೋ ಕುತ್ತಿಗೆಯೋ ಕೊಯ್ದುಹೋದೀತು ಅಂತ ಅವನ ಕಸುಬಿನಿಂದಲೇ ಉದಾಹರಣೆ ಕೊಡುತ್ತಾನೆ. ಯೇಸು ಕಲಿಸಿದ, "ಪರಲೋಕದಲ್ಲಿರುವ ನಮ್ಮ ತಂದೆಯೇ" ಅಂತ ಶುರುವಾಗುವ ಪ್ರಾರ್ಥನೆಯನ್ನು ಒಂದೊಂದೇ ಬಿನ್ನಹವಾಗಿ ತೆಗೆದುಕೊಂಡು ನಿಧಾನವಾಗಿ ಪ್ರಾರ್ಥಿಸು, ಒಂದರಲ್ಲೇ ಮನಸ್ಸು ನಿಂತರೆ ಉಳಿದದ್ದನ್ನು ಬಿಟ್ಟರೂ ಸರಿ ಅನ್ನುವುದು ಅವನ ಸಲಹೆ.

ನಾನು ಒಂದು ಸಂಜೆಗೆ ಒಂದೇ ಸಾಲು ಇಟ್ಟುಕೊಂಡೆ. ಒಂದು ಹಾಳೆ, ಒಂದು ಪೆನ್ನು ಪಕ್ಕದಲ್ಲಿ. ಮರೆತುಬಿಡುತ್ತೇನೆ ಅನ್ನುವ ಭಯ ಇದ್ದದ್ದನ್ನು ಅದರ ಮೇಲೆ ಗೀಚಿ ಬಿಡುತ್ತಿದ್ದೆ. ಕಿಟಕಿಯಂಥ ಯೋಚನೆಗಳು ಅಲ್ಲಿಗೆ ಮುಗಿದವು. ಉಳಿದ ಯೋಚನೆಗಳನ್ನು ದಬ್ಬುವುದು ಬಿಟ್ಟೆ. "ನಮ್ಮ ಅನುದಿನದ ಆಹಾರವನ್ನು ಈಹೊತ್ತು ನಮಗೆ ದಯಪಾಲಿಸು" ಅನ್ನುವಾಗ ಆಫೀಸು ನೆನಪಾಯಿತು. ಆಗಲಿ ಬಿಡು, ನನ್ನ ಆಹಾರ ಬರುವುದು ಅಲ್ಲಿಂದಲೇ ತಾನೇ? ಆ ಕೆಲಸದ ಭಯವನ್ನು ಅದೇ ಸಾಲಿನೊಳಗೆ ಇಟ್ಟು ಬೇಡಿಕೊಂಡೆ. ಎಲ್ಲ ಯೋಚನೆಗೂ ಆ ಪ್ರಾರ್ಥನೆಯಲ್ಲಿ ಒಂದು ಜಾಗ ಸಿಗುತ್ತದೆ ಅನ್ನುವುದು ನನಗೆ ದೊಡ್ಡ ಬಿಡುಗಡೆ. ಮನಸ್ಸು ಮತ್ತೆ ಮತ್ತೆ ಯಾವ ಕಡೆ ಓಡುತ್ತದೋ ಅಲ್ಲೇ ನನ್ನ ಭಾರ ಇದೆ ಅಂತ ತಿಳಿಯಿತು.

ನಿದ್ದೆಯ ವಿಷಯ ಬೇಗ ಹೇಳಿಬಿಡುತ್ತೇನೆ. ರಾತ್ರಿ ಮಲಗುವ ಮುಂಚೆ ಪ್ರಾರ್ಥಿಸಲು ಹೋದರೆ ತೂಕಡಿಕೆ ಬರುತ್ತಿತ್ತು. ಶಿಲುಬೆಯ ಹಿಂದಿನ ರಾತ್ರಿ ಯೇಸು ಪ್ರಾರ್ಥಿಸಿದ ಗೆತ್ಸೇಮನೆಯಲ್ಲಿ ಶಿಷ್ಯರು ನಿದ್ದೆಹೋದಾಗ, ಮನಸ್ಸು ಸಿದ್ಧವಾಗಿದೆ, ದೇಹಕ್ಕೆ ಬಲ ಸಾಲದು ಅಂತ ಯೇಸು ಅವರ ಕಷ್ಟ ಅರಿತೇ ಹೇಳಿದನು. 1 ಅರಸುಗಳು 19ರಲ್ಲಿ ಪ್ರವಾದಿ ಎಲೀಯನು ಸೋತು, ಸಾವೇ ಸಾಕು ಅಂತ ಗಿಡದ ಕೆಳಗೆ ಮಲಗುತ್ತಾನೆ. ಬಂದ ದೇವದೂತ ಅವನನ್ನು ತಟ್ಟಿ ಎಬ್ಬಿಸಿ "ಎದ್ದು ಊಟಮಾಡು" ಅನ್ನುತ್ತಾನೆ. ತಿಂದು ಮತ್ತೆ ಮಲಗುತ್ತಾನೆ, ಮತ್ತೆ ಎಬ್ಬಿಸಿ ಉಣ್ಣಿಸುತ್ತಾನೆ. ಬೋಧನೆ ಅಲ್ಲ, ಮೊದಲು ರೊಟ್ಟಿ ಮತ್ತು ನಿದ್ದೆ. ದುಃಖದಲ್ಲಿ ದೇಹವೂ ದಣಿದಿರುತ್ತದೆ. ಹಾಗಾಗಿ ಪ್ರಾರ್ಥನೆಯನ್ನು ಸಂಜೆಗೆ ತಂದುಕೊಂಡೆ. ಕೆಲವೊಮ್ಮೆ ಮೊಣಕಾಲೂರದೆ, ಕಣ್ಣು ತೆರೆದು, ಕೋಣೆಯಲ್ಲೇ ನಡೆಯುತ್ತಾ ಪ್ರಾರ್ಥಿಸಿದೆ. ರಾತ್ರಿ ಒಂದು ವಾಕ್ಯ ಹೇಳಿ ಮಲಗುತ್ತಿದ್ದೆ.

ಒಂದೊಂದೇ ಸಾಲು ಹೋಗುತ್ತಾ ಕ್ಷಮೆಯ ಸಾಲು ಬಂತು. "ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸಿದಂತೆ ನಮ್ಮ ತಪ್ಪುಗಳನ್ನು ಕ್ಷಮಿಸು." ಇಲ್ಲಿ ನಾನು ತುಂಬ ಕಾಲ ನಿಂತೆ.

ಅಮ್ಮ ಹಾಸಿಗೆ ಹಿಡಿದಿದ್ದಾಗ ನನ್ನ ಅಣ್ಣ ಹತ್ತಿರ ಬರಲಿಲ್ಲ. ಹಣ ಕಳಿಸಿದ, ಬರಲಿಲ್ಲ. ಬಂದದ್ದು ಅಂತ್ಯಕ್ರಿಯೆಗೆ. ಬಂದವನು ಎಲ್ಲರ ಮುಂದೆ, ಇನ್ನೂ ಚೆನ್ನಾಗಿ ನೋಡಿಕೊಂಡಿದ್ದರೆ ಉಳಿಯುತ್ತಿದ್ದರೇನೋ ಅಂದ. ಆ ಮಾತು ನನ್ನ ಎದೆಯಲ್ಲಿ ನಾಟಿಬಿಟ್ಟಿತು. ಪ್ರಾರ್ಥನೆಯಲ್ಲಿ ಆ ಸಾಲು ಹೇಳುವಾಗೆಲ್ಲ ಅವನ ಮುಖ ಬರುತ್ತಿತ್ತು, ಆ ಮಾತು ಕೇಳಿಸುತ್ತಿತ್ತು. ಆಮೇಲೆ ಏನು ಪ್ರಾರ್ಥಿಸಿದರೂ ಅವನಿಗೆ ಕೊಡಬೇಕಿದ್ದ ಉತ್ತರವನ್ನೇ ಜೋಡಿಸುತ್ತಾ ಕೂರುತ್ತಿದ್ದೆ.

ಮತ್ತಾಯ 6ರಲ್ಲಿ ಯೇಸು ಪ್ರಾರ್ಥನೆ ಕಲಿಸಿ ಮುಗಿಸಿದ ಮೇಲೆ ಅದರ ಒಂದೇ ಒಂದು ಬಿನ್ನಹಕ್ಕೆ ಮತ್ತೆ ಬರುತ್ತಾನೆ. ಆಹಾರಕ್ಕಲ್ಲ, ಶೋಧನೆಗಲ್ಲ, ಕ್ಷಮೆಗೆ. ನೀವು ಜನರ ತಪ್ಪುಗಳನ್ನು ಕ್ಷಮಿಸದಿದ್ದರೆ ತಂದೆಯೂ ನಿಮ್ಮದನ್ನು ಕ್ಷಮಿಸುವುದಿಲ್ಲ ಅನ್ನುತ್ತಾನೆ. ಮಾರ್ಕ 11:25ರಲ್ಲಿ ಇನ್ನೂ ನೇರ: ನಿಂತು ಪ್ರಾರ್ಥಿಸುವಾಗ ಯಾರ ಮೇಲಾದರೂ ಏನಾದರೂ ಇದ್ದರೆ ಕ್ಷಮಿಸಿಬಿಡಿರಿ. ಓದಿದರೆ ಹೆದರಿಕೆ ಆಗುತ್ತಿತ್ತು. ಕ್ಷಮಿಸಬೇಕು ಅಂತ ಗೊತ್ತು, ಕ್ಷಮಿಸಲು ಆಗುತ್ತಿಲ್ಲ. ಇದನ್ನು ನಮ್ಮ ಪಾಸ್ಟರ್ ಹತ್ತಿರ ಹೇಳಿದೆ. ಅವರು, "ನಿಮ್ಮ ಮನಸ್ಸು ಕರಗುವ ತನಕ ಕಾಯಬೇಡಿ" ಅಂದರು. "ಕ್ಷಮಿಸ್ತೀನಿ ಅಂತ ಕರ್ತನ ಮುಂದೆ ಹೇಳಿ. ಆಮೇಲೆ ಪ್ರತಿದಿನ ಅಣ್ಣನ ಹೆಸರು ಹಿಡಿದು ಒಂದು ಒಳ್ಳೇದು ಕೇಳಿ. ಒಂದೇ ಸಾಕು."

ಮೊದಲ ದಿನಗಳಲ್ಲಿ ಹೆಸರು ಹೇಳುವುದೇ ಕಷ್ಟವಾಯಿತು. ಅವನ ಮಗಳ ಪರೀಕ್ಷೆ ಇತ್ತು, ಅದಕ್ಕಾಗಿ ಕೇಳಿದೆ. ಮಗುವಿನ ಮೇಲೆ ನನಗೇನು ಕೋಪ? ಅದು ಸುಲಭ. ಆಮೇಲೆ ಅತ್ತಿಗೆಗಾಗಿ. ಆಮೇಲೆ ಅವನ ರಕ್ತದೊತ್ತಡಕ್ಕಾಗಿ. ಹೀಗೆ ಸುತ್ತು ಬಳಸಿ ಅವನ ಹತ್ತಿರ ಬಂದೆ. ಒಬ್ಬನಿಗಾಗಿ ದಿನಾ ಒಳ್ಳೇದು ಕೇಳುತ್ತಾ ಬಂದರೆ ಅವನು ನಿಧಾನವಾಗಿ ಪೂರ್ತಿ ಮನುಷ್ಯನಾಗಿ ಕಾಣಿಸತೊಡಗುತ್ತಾನೆ. ಆ ಒಂದು ಮಾತು ಮಾತ್ರವಲ್ಲದೆ ಅವನ ಬೇರೆ ಮಾತುಗಳೂ ನೆನಪಾದವು. ಸ್ಕೂಲಿಗೆ ಹೋಗುವಾಗ ನನ್ನ ಚೀಲವನ್ನೂ ತಾನೇ ಹೊರುತ್ತಿದ್ದದ್ದು ನೆನಪಾಯಿತು.

ಕೊನೆಗೆ ಫೋನ್ ಮಾಡಿದೆ. "ಅಣ್ಣ, ನಿನಗೋಸ್ಕರ ದಿನಾ ಪ್ರಾರ್ಥನೆ ಮಾಡ್ತಾ ಇದ್ದೀನಿ" ಅಂದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಅವನು, "ಅಮ್ಮನ್ನ ಆ ಸ್ಥಿತಿಯಲ್ಲಿ ನೋಡೋಕೆ ನನಗೆ ಧೈರ್ಯ ಇರ್ಲಿಲ್ಲ ಕಣೇ" ಅಂದ. ಅಂತ್ಯಕ್ರಿಯೆಯ ದಿನದ ಮಾತಿನ ಬಗ್ಗೆ ಅವನು ಏನೂ ಹೇಳಲಿಲ್ಲ. ಇವತ್ತಿಗೂ ಹೇಳಿಲ್ಲ. ಕೆಲವು ದಿನ ಆ ನೋವು ಮತ್ತೆ ಏಳುತ್ತದೆ, ಮತ್ತೆ ಅದೇ ಸಾಲು ಹೇಳಿ ಬಿಟ್ಟುಕೊಡುತ್ತೇನೆ. ಆದರೆ ಆ ಸಾಲನ್ನು ದಾಟಿ ಮುಂದಿನದಕ್ಕೆ ಹೋಗಲು ಈಗ ಆಗುತ್ತದೆ.

ಇಲ್ಲಿ ಒಂದು ಮಾತು ಹೇಳಲೇಬೇಕು. ಹೊಡೆತ ತಿಂದವರಿಗೆ, ಹಿಂಸೆ ಅನುಭವಿಸಿದವರಿಗೆ ಸುಮ್ನೆ "ಕ್ಷಮಿಸಿ, ಮತ್ತೆ ಅದೇ ಮನೆಗೆ ಹೋಗಿ" ಅಂತ ಹೇಳುವುದನ್ನು ಕೇಳಿದ್ದೇನೆ. ಅದು ತಪ್ಪು. ಕ್ಷಮಿಸುವುದು ಅಂದರೆ ಸೇಡನ್ನು ದೇವರ ಕೈಗೆ ಬಿಡುವುದು. ಮತ್ತೆ ಏಟು ತಿನ್ನಲು ಹೋಗಿ ನಿಲ್ಲುವುದಲ್ಲ. ಸುರಕ್ಷಿತವಾದ ದೂರದಲ್ಲಿ ಇದ್ದುಕೊಂಡೇ ಕ್ಷಮಿಸಬಹುದು.

ನನ್ನ ಸ್ನೇಹಿತೆಗೆ ಬೇರೆಯೇ ಅಡ್ಡಿ. ಏನಾದರೂ ತಪ್ಪು ನಡೆದರೆ ಅವಳು ದಿನಗಟ್ಟಲೆ ಪ್ರಾರ್ಥನೆಗೆ ಕೂರುವುದಿಲ್ಲ. ಮೊದಲು ಸರಿಯಾಗಿ ನಡೆದುಕೊಂಡು ತೋರಿಸಿ, ಆಮೇಲೆ ದೇವರ ಮುಂದೆ ಹೋಗಬೇಕು ಅನ್ನುವ ಭಾವನೆ. ಲೂಕ 18ರಲ್ಲಿ ಯೇಸು ಹೇಳಿದ ಕಥೆಯ ಸುಂಕದವನು, ಜನ ಪಾಪಿ ಅನ್ನುತ್ತಿದ್ದ ತೆರಿಗೆ ವಸೂಲಿಗಾರ, ಹಾಗೆ ಕಾಯಲಿಲ್ಲ ಅಲ್ವಾ? ದೂರದಲ್ಲಿ ನಿಂತು, ತಲೆ ಎತ್ತದೆ, "ದೇವರೇ, ಪಾಪಿಯಾದ ನನ್ನನ್ನು ಕರುಣಿಸು" ಅಂದ. ನೀತಿವಂತನೆನಿಸಿಕೊಂಡು ಮನೆಗೆ ಹೋದವನು ಅವನೇ. ಅವಳೂ ನಾನೂ ಇದನ್ನು ಒಟ್ಟಿಗೆ ಓದಿದೆವು. ಈಗ ಅವಳು ತಪ್ಪು ನಡೆದ ದಿನವೇ ಆ ಒಂದು ವಾಕ್ಯ ಹೇಳುತ್ತಾಳಂತೆ. ಜಾಸ್ತಿ ಹೇಳಲು ಆಗದಿದ್ದರೂ ಅದಷ್ಟನ್ನು ಬಿಡುವುದಿಲ್ಲವಂತೆ.

ಇಷ್ಟೆಲ್ಲ ಆದ ಮೇಲೂ ಒಣ ದಿನಗಳು ಬರುತ್ತವೆ. ಕೂರುತ್ತೇನೆ, ಓದುತ್ತೇನೆ, ಏನೂ ಅನಿಸುವುದಿಲ್ಲ. ಸ್ಪೇನಿನ ಸನ್ಯಾಸಿನಿ ಆವಿಲಾದ ತೆರೆಸಾ (1515–1582) ತನ್ನ ಬದುಕಿನ ಬಗ್ಗೆ ಬರೆಯುತ್ತಾ, ವರ್ಷಗಟ್ಟಲೆ ಪ್ರಾರ್ಥನೆಯ ಗಂಟೆ ಯಾವಾಗ ಮುಗಿಯುತ್ತದೋ ಅಂತ ಗಡಿಯಾರದ ಸದ್ದಿಗೆ ಕಿವಿಕೊಟ್ಟು ಕೂತಿರುತ್ತಿದ್ದೆ ಅಂದಿದ್ದಾಳೆ. ಆದರೂ ಕೂರುವುದನ್ನು ಬಿಡಲಿಲ್ಲ. 1970ರಲ್ಲಿ ಕ್ಯಾಥೊಲಿಕ್ ಸಭೆ ತನ್ನ ಮಹಾ ಬೋಧಕರ ಸಾಲಿಗೆ ಸೇರಿಸಿದ್ದು ಇದೇ ತೆರೆಸಾಳನ್ನು. ನಾನು ಬೇರೆ ಸಭೆಯವಳು, ಆದರೆ ಅವಳ ಈ ಮಾತು ನನ್ನನ್ನು ಎಷ್ಟೋ ಸಂಜೆ ಎದ್ದು ಹೋಗದಂತೆ ತಡೆದಿದೆ. ಹೇಗೆ ಪ್ರಾರ್ಥಿಸಬೇಕೋ ನಮಗೆ ಗೊತ್ತಿಲ್ಲದಾಗ ಪವಿತ್ರಾತ್ಮನೇ ಮಾತಿಲ್ಲದ ನರಳಾಟದಿಂದ ನಮಗಾಗಿ ಬೇಡಿಕೊಳ್ಳುತ್ತಾನೆ ಅಂತ ರೋಮಾಪುರದವರಿಗೆ ಬರೆದ ಪತ್ರಿಕೆಯ ಎಂಟನೇ ಅಧ್ಯಾಯ ಹೇಳುತ್ತದೆ. ಒಣ ದಿನಗಳಲ್ಲಿ ಅದನ್ನು ನಂಬಿ ಕೂರುತ್ತೇನೆ.

ಎಲ್ಲಕ್ಕಿಂತ ತಡವಾಗಿ ಬಿಟ್ಟುಹೋದ ಅಡ್ಡಿ ಒಂದಿದೆ. ಸ್ತೋತ್ರ ಮಾಡಲು ಬಂತು, ಅಳಲು ಬಂತು, ಕ್ಷಮಿಸಲೂ ಸ್ವಲ್ಪ ಬಂತು. ಆದರೆ ಕಾಯಿಲೆಯವರಿಗಾಗಿ ಗುಣವಾಗಲಿ ಅಂತ ಕೇಳಲು ಬರುತ್ತಿರಲಿಲ್ಲ. ಯಾರಾದರೂ ಹೇಳಿಕೊಂಡರೆ ಮೊದಲ ವಾಕ್ಯದಲ್ಲೇ "ನಿನ್ನ ಚಿತ್ತವಾಗಲಿ" ಅಂದು ಮುಗಿಸುತ್ತಿದ್ದೆ. ಹೊರಗಿನಿಂದ ಅದು ತುಂಬ ಭಕ್ತಿಯ ಮಾತು. ಒಳಗೆ ಇದ್ದದ್ದು ಭಯ. ಕೇಳಿದರೆ ತಾನೇ ಇಲ್ಲ ಅನ್ನಿಸಿಕೊಳ್ಳುವುದು?

ಪಕ್ಕದ ಮನೆಯ ಪುಟ್ಟ ಹುಡುಗನಿಗೆ ರಕ್ತದ ಕಾಯಿಲೆ ಅಂತ ತಿಳಿದಾಗ ಅವನ ತಾಯಿ ನನ್ನ ಕೈ ಹಿಡಿದುಕೊಂಡು, "ಅಕ್ಕಾ, ನೀವು ಪ್ರಾರ್ಥನೆ ಮಾಡ್ತೀರಲ್ಲ, ನನ್ನ ಮಗನಿಗೋಸ್ಕರ ಮಾಡಿ" ಅಂದಳು. ಆ ಸಂಜೆ ಗೆತ್ಸೇಮನೆಯ ಭಾಗ ತೆಗೆದು ಓದಿದೆ. "ನನ್ನ ಚಿತ್ತದಂತಲ್ಲ" ಅನ್ನುವ ಮಾತಿಗೆ ಮುಂಚೆ ಇನ್ನೊಂದು ಮಾತಿದೆ. ಸಾಧ್ಯವಾದರೆ ಈ ಪಾತ್ರೆ ನನ್ನನ್ನು ಬಿಟ್ಟು ಹೋಗಲಿ ಅಂತ ಯೇಸು ಕೇಳಿದನು. ಪಾತ್ರೆ ಅಂದರೆ ಮುಂದಿದ್ದ ಸಂಕಟ. ತನಗೆ ಬೇಕಾದದ್ದನ್ನು ಬಾಯಿಬಿಟ್ಟು ಕೇಳಿದನು. ಆಮೇಲೆ ತಂದೆಯ ಕೈಗೆ ಬಿಟ್ಟುಕೊಟ್ಟನು. ಮೂರು ಸಾರಿ ಹಾಗೆ ಪ್ರಾರ್ಥಿಸಿದನು. ಅಪೊಸ್ತಲ ಪೌಲನೂ ತನ್ನ ದೇಹದ ಮುಳ್ಳು, ಅಂದರೆ ತನ್ನನ್ನು ಕಾಡುತ್ತಿದ್ದ ಬಾಧೆ, ತೆಗೆಯಬೇಕೆಂದು ಮೂರು ಸಾರಿ ಕೇಳಿದ. ಆ ಮುಳ್ಳು ಹೋಗಲಿಲ್ಲ. ನನ್ನ ಕೃಪೆಯೇ ನಿನಗೆ ಸಾಕು ಅನ್ನುವ ಉತ್ತರ ಬಂದದ್ದು ಕೇಳಿದವನಿಗೆ.

ಅವತ್ತು ಹುಡುಗನ ಹೆಸರು ಹೇಳಿ, "ತಂದೆಯೇ, ಇವನನ್ನು ಗುಣಮಾಡು" ಅಂದೆ. ಹೇಳುವಾಗ ಕೈ ನಡುಗುತ್ತಿತ್ತು. ಅಮ್ಮನಿಗಾಗಿ ಇದೇ ಮಾತು ಹೇಳಿದ್ದು ಕಣ್ಣ ಮುಂದೆ ಬಂತು. ಆದರೂ ಇನ್ನೊಮ್ಮೆ ಹೇಳಿದೆ.

ಅವನ ಚಿಕಿತ್ಸೆ ಇನ್ನೂ ನಡೆಯುತ್ತಿದೆ. ಈಗ ಅವನ ತಾಯಿಯೂ ಸಂಜೆ ನಮ್ಮ ಮನೆಗೆ ಬಂದು ನನ್ನ ಜೊತೆ ಕೂರುತ್ತಾಳೆ. ಅವಳಿಗೆ ಪ್ರಾರ್ಥನೆಯ ಮಾತುಗಳು ಗೊತ್ತಿಲ್ಲ, ಮಗನ ಆ ದಿನದ ಜ್ವರ, ಊಟ, ವಾಂತಿ ಎಲ್ಲವನ್ನೂ ದೇವರಿಗೆ ಹೇಳುತ್ತಾಳೆ. ನಾನು ಆಮೆನ್ ಅನ್ನುತ್ತೇನೆ. ಈ ವಾರ ಇನ್ನೊಂದು ರಕ್ತಪರೀಕ್ಷೆ ಇದೆ. ಅದು ಚೆನ್ನಾಗಿ ಬರಲಿ ಅಂತ ಇಬ್ಬರೂ ಕೇಳುತ್ತಿದ್ದೇವೆ.